ಪೊವಾಯಿಯ ಒಂದು ಬ್ಯಾಚು ಮತ್ತು ಎಕ್ಮನ್ ಪ್ರಶಸ್ತಿ

1977ರಲ್ಲಿ ಮುಂಬಯಿ ಪೊವಾಯಿಯ ಐಐಟಿಯಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿ ಹೊರಬಂದವರಲ್ಲಿ ಪ್ರಮೋದ್ ಖರ್ಗೋನೆಕರ್ ಮತ್ತು ಶಂಕರ್ ಶಾಸ್ತ್ರಿ ಇದ್ದರು. ಇಬ್ಬರೂ ಅಮೆರಿಕಕ್ಕೆ ಹೋದರು, ಇಬ್ಬರೂ 1981ರಲ್ಲಿ ಪಿಎಚ್.ಡಿ. ಪಡೆದರು. 1989ರಲ್ಲಿ ಖರ್ಗೋನೆಕರ್ ಅವರಿಗೆ ಡೊನಾಲ್ಡ್ ಪಿ. ಎಕ್ಮನ್ ಪ್ರಶಸ್ತಿ ಬಂತು; ಮರುವರ್ಷ ಅದೇ ಪ್ರಶಸ್ತಿ ಶಾಸ್ತ್ರಿ ಅವರಿಗೆ. ಸ್ವಯಂಚಾಲಿತ ನಿಯಂತ್ರಣ ಕ್ಷೇತ್ರದ ಯುವ ಸಂಶೋಧಕರು ಆಸೆಪಡುವ ಗೌರವ ಇದು. ಅದು ಒಂದೇ ಕಾಲೇಜಿನ ಒಂದೇ ಬ್ಯಾಚಿಗೆ ಬೆನ್ನುಬೆನ್ನಿಗೆ ಒಲಿಯಿತು.

ಎಕ್ಮನ್ ಹೆಸರು ಇನ್‌ಸ್ಟ್ರುಮೆಂಟೇಶನ್ ಓದಿದವರಿಗೆ ಹೊಸದಲ್ಲ. ಅವರ ‘ಇಂಡಸ್ಟ್ರಿಯಲ್ ಇನ್‌ಸ್ಟ್ರುಮೆಂಟೇಶನ್’ ಪುಸ್ತಕದ ಭಾರತೀಯ ಮುದ್ರಣ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲೈಬ್ರರಿಗಳಲ್ಲಿ ದಶಕಗಳಿಂದ ಇದೆ. ಕ್ಲೀವ್‌ಲ್ಯಾಂಡಿನ ಕೇಸ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದ ಅವರು ಐವತ್ತು ತುಂಬುವ ಮೊದಲೇ ತೀರಿಕೊಂಡರು. ಅಮೆರಿಕನ್ ಆಟೊಮ್ಯಾಟಿಕ್ ಕಂಟ್ರೋಲ್ ಕೌನ್ಸಿಲ್ ಅವರ ನೆನಪಿಗೆ ಕೊಡುವ ಪ್ರಶಸ್ತಿಯನ್ನು 1964ರಲ್ಲಿ ಮೊದಲು ಪಡೆದವರು ಎಂಐಟಿಯ ಮೈಕೆಲ್ ಅಥಾನ್ಸ್. ಪಡೆಯುವವರಿಗೆ 35 ತುಂಬಿರಬಾರದು.

ಸ್ವಯಂಚಾಲಿತ ನಿಯಂತ್ರಣದ ಮೂಲಪಾಠ ನೋಡಬೇಕೆಂದರೆ ಮುಂಬಯಿಯ ಮಾಹುಲ್‌ನ ತೈಲ ಶುದ್ಧೀಕರಣಾಗಾರ ಸಾಕು. ಕುಲುಮೆಯಿಂದ ಹೊರಬರುವ ಎಣ್ಣೆಯ ಉಷ್ಣತೆಯನ್ನು ಅಳೆಯುವುದು, ಇರಬೇಕಾದ ಉಷ್ಣತೆಯೊಂದಿಗೆ (ಸೆಟ್ ಪಾಯಿಂಟ್) ತಾಳೆ ನೋಡುವುದು, ವ್ಯತ್ಯಾಸಕ್ಕೆ ತಕ್ಕಂತೆ ಇಂಧನದ ವಾಲ್ವನ್ನು ತೆರೆಯುವುದು ಅಥವಾ ಮುಚ್ಚುವುದು, ಮತ್ತೆ ಅಳೆಯುವುದು. ಅಲ್ಲಿನವರು ಇದನ್ನು ‘ಲೂಪ್’ ಅನ್ನುತ್ತಾರೆ. ಲೂಪ್ ಟ್ಯೂನ್ ಮಾಡುವವನ ಕೈ ಸ್ವಲ್ಪ ಜೋರಾದರೆ ಉಷ್ಣತೆ ಏರಿಳಿಯುತ್ತಲೇ ಇರುತ್ತದೆ, ಮೆತ್ತಗಾದರೆ ಸರಿದಾರಿಗೆ ಬರಲು ಹೊತ್ತು ಹಿಡಿಯುತ್ತದೆ.

ಖರ್ಗೋನೆಕರ್ ಕೈಹಾಕಿದ್ದು ಇನ್ನೊಂದು ತೊಡಕಿಗೆ. ಯಂತ್ರ ಹೇಗಿದೆ ಎಂಬುದೇ ಪೂರ್ತಿ ಗೊತ್ತಿಲ್ಲದಾಗ ಏನು ಮಾಡುವುದು? ನಮ್ಮ ಲೋಕಲ್ ಟ್ರೇನನ್ನೇ ನೋಡಿ. ನಡುಮಧ್ಯಾಹ್ನ ಅರ್ಧ ಖಾಲಿ ಓಡುವ ರೇಕಿನಲ್ಲೇ ಸಂಜೆ ವಿರಾರ್ ಫಾಸ್ಟ್ ಹೊತ್ತಿಗೆ ಚದರ ಮೀಟರಿಗೆ 14ರಿಂದ 16 ಜನ ನಿಂತಿರುತ್ತಾರೆ. ಬ್ರೇಕಿನ ಲೆಕ್ಕಾಚಾರ ಎರಡಕ್ಕೂ ಒಗ್ಗಬೇಕು. ಅಂದಾಜು ಒಂದು ಮಿತಿಯೊಳಗೆ ತಪ್ಪಿದರೂ ವ್ಯವಸ್ಥೆ ಹದ ತಪ್ಪಬಾರದು ಎಂಬ ಈ ಚಿಂತನೆಗೆ ‘ರೊಬಸ್ಟ್ ಕಂಟ್ರೋಲ್’ ಎಂದು ಹೆಸರು. 1989ರಲ್ಲಿ ಡಾಯ್ಲ್, ಗ್ಲೋವರ್, ಫ್ರಾನ್ಸಿಸ್ ಜೊತೆ ಖರ್ಗೋನೆಕರ್ ಬರೆದ ಲೇಖನ, ರೊಬಸ್ಟ್ ಕಂಟ್ರೋಲಿನಲ್ಲಿ ಅದುವರೆಗೆ ಗಣಿತದ ಕಗ್ಗಂಟಾಗಿದ್ದ ‘ಎಚ್-ಇನ್ಫಿನಿಟಿ’ ವಿಧಾನವನ್ನು ಸಾಮಾನ್ಯ ಎಂಜಿನಿಯರ್ ಕಂಪ್ಯೂಟರಿನಲ್ಲಿ ಬಿಡಿಸಬಲ್ಲ ಎರಡು ಸಮೀಕರಣಗಳಿಗೆ ಇಳಿಸಿತು.

ಬರ್ಕ್ಲಿಯಲ್ಲಿ ನೆಲೆಸಿದ ಶಾಸ್ತ್ರಿಯವರದು ಗುರುಮನೆಯ ಕಥೆ. ಅವರ ಬಳಿ ಪಿಎಚ್.ಡಿ. ಮಾಡಿದ ರಿಚರ್ಡ್ ಮರ್ರೆ 1997ರಲ್ಲಿ, ವಿಮಾನಗಳು ಒಂದಕ್ಕೊಂದು ಡಿಕ್ಕಿಯಾಗದಂತೆ ನಡೆಸುವ ಲೆಕ್ಕದ ಕ್ಲೇರ್ ಟಾಮ್ಲಿನ್ 2003ರಲ್ಲಿ, ಎರಡು ಕಾಲಿನ ರೋಬಾಟುಗಳನ್ನು ನಡೆಸಿದ ಏರನ್ ಏಮ್ಸ್ 2015ರಲ್ಲಿ ಇದೇ ಎಕ್ಮನ್ ಪಡೆದರು. ಮರ್ರೆ ಮತ್ತು ಶಾಸ್ತ್ರಿ 1994ರಲ್ಲಿ ಬರೆದ ರೋಬಾಟಿಕ್ಸ್ ಪಠ್ಯದ ಮೂರನೆಯ ಲೇಖಕ ಲಿ ಜೆಶಿಯಾಂಗ್. ಮುಂದೆ ಹಾಂಕಾಂಗಿನಲ್ಲಿ ಅವರು ಬೆನ್ನು ತಟ್ಟಿದ ವಿದ್ಯಾರ್ಥಿಯೊಬ್ಬ ಕಟ್ಟಿದ ಡ್ರೋನ್ ಕಂಪನಿಯೇ ಡಿಜೆಐ. ಮದುವೆ ಮಂಟಪದ ಮೇಲೆ ಗುಂಯ್ಗುಟ್ಟುವ ಡ್ರೋನ್ ಎಲ್ಲಿಂದ ಎಲ್ಲಿಗೆ ನಂಟು ಹೊಂದಿದೆ ನೋಡಿ!

ವಯಸ್ಸಿನ ಮಿತಿಯ ಬಗ್ಗೆ ನನಗೆ ತಕರಾರಿದೆ. ಹೆಸರು ಮಾಡಿದವರಿಗೇ ಮತ್ತೆ ಹಾರ ಹಾಕುವ ಚಾಳಿಯನ್ನು ಅದು ತಪ್ಪಿಸುತ್ತದೆ, ನಿಜ. ಆದರೆ ಎಂಟ್ಹತ್ತು ವರ್ಷ ಕಾರ್ಖಾನೆಯಲ್ಲಿ ದುಡಿದು, ಅಲ್ಲಿ ಸಿಕ್ಕ ಪ್ರಶ್ನೆಯನ್ನು ಹೊತ್ತು ಸಂಶೋಧನೆಗೆ ಬಂದವರು ಇದರ ಬಾಗಿಲಿಗೆ ಬರುವ ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಕೈಗಾರಿಕೆಗೆಂದೇ ಪುಸ್ತಕ ಬರೆದ ಎಕ್ಮನ್ ಹೆಸರಿಗೆ ಇದು ಅಷ್ಟು ಹೊಂದುವುದಿಲ್ಲ.

ಇನ್ನೊಂದು ನಿಯಮವೂ ಇದೆ: ಪ್ರಶಸ್ತಿಗೆ ಗಣಿಸುವ ಕೆಲಸವನ್ನು ಅಮೆರಿಕದಲ್ಲಿ ವಾಸವಿದ್ದಾಗಲೇ ಮಾಡಿರಬೇಕು. ಪೊವಾಯಿಯಲ್ಲಿ ಈಗ ಸಿಸ್ಟಮ್ಸ್ ಅಂಡ್ ಕಂಟ್ರೋಲ್ ಎಂಜಿನಿಯರಿಂಗಿಗೆಂದೇ ಪ್ರತ್ಯೇಕ ಕೇಂದ್ರವಿದೆ, ಎಂ.ಟೆಕ್., ಪಿಎಚ್.ಡಿ. ಎರಡೂ ಅಲ್ಲೇ ನಡೆಯುತ್ತವೆ. ಅಲ್ಲಿ ಕೂತು ಮೂವತ್ತಕ್ಕೇ ದೊಡ್ಡ ಪ್ರಮೇಯ ಸಾಧಿಸಿದವರ ಹೆಸರನ್ನು ಎಕ್ಮನ್‌ಗೆ ಸೂಚಿಸುವಂತಿಲ್ಲ.