ಹನ್ನೆರಡನೆಯವನ ಹೆಸರು

ಕಡಲೆಯ ಒಕ್ಕಲು ಮುಗಿದು, ಎರೆಹೊಲಗಳೆಲ್ಲ ಬಿರುಕುಬಿಟ್ಟು, ಬೇಸಗೆಯ ಮೊದಲ ಬಿಸಿಗಾಳಿ ಆಗಲೋ ಈಗಲೋ ಎಂದು ಸುಳಿಯತೊಡಗಿದ್ದ ಒಂದು ಭಾನುವಾರ, 1858ರ ಬಾಬಾಸಾಹೇಬ ಭಾವೆಯ ಬಂಡಾಯದ ನೆಲವನ್ನು ಕಣ್ಣಾರೆ ಕಾಣಬೇಕೆಂಬ ಬಹುದಿನದ ಅಪೇಕ್ಷೆಯಿಂದ ನಾನು ನರಗುಂದಕ್ಕೆ ಹೋಗಿದ್ದೆನು. ಗುಡ್ಡವನ್ನು ಏರುವ ಮೊದಲೇ ಅದರ ಬುಡದ ಬಯಲಿನಲ್ಲಿ ಎದ್ದ ಕೂಗು ನನ್ನನ್ನು ತಡೆದು ನಿಲ್ಲಿಸಿತು. ಆ ದಿನ ಗುಡ್ಡದ ಮೇಲಿನ ಕೋಟೆಯನ್ನು ನಾನು ನೋಡಲೇ ಇಲ್ಲ. ಅಲ್ಲಿ ರೋಣದ ಕಡೆಯ ಹುಡುಗರಿಗೂ ಗಜೇಂದ್ರಗಡದ ಕಡೆಯ ಹುಡುಗರಿಗೂ ಟೆನಿಸ್ ಚೆಂಡಿನ ಕ್ರಿಕೆಟ್ ಪಂದ್ಯ ನಡೆದಿತ್ತು.

ರೋಣದವರ ಪಾಳಯದಲ್ಲಿ ಚಿಂತೆ ಆವರಿಸಿತ್ತು. ಸಿಕ್ಸರುಗಳಿಗಾಗಿ ಸುತ್ತಲ ಹತ್ತೂರುಗಳಲ್ಲಿ ಹೆಸರಾಗಿದ್ದ ಅವರ ದಾಂಡಿಗನು ಗೋವೆಯ ಕಡೆಗೆ ದುಡಿಯಲು ಗುಳೆ ಹೋಗಿದ್ದನು. ವೇಗದ ಬೌಲರನು ಸೋದರಮಾವನ ಮಗಳ ಲಗ್ನಕ್ಕೆಂದು ಊರು ಬಿಟ್ಟಿದ್ದನು. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ತರುಣರು ಗೋವೆಗೋ ಮಂಗಳೂರಿಗೋ ಹೊರಡುವುದು ಹೊಸ ಸಂಗತಿಯಲ್ಲ; ಆದರೆ ಗುಳೆಯು ಊರಿನ ಕ್ರಿಕೆಟ್ ತಂಡವನ್ನೂ ಬರಿದುಮಾಡುತ್ತದೆಂಬುದನ್ನು ನಾನು ಅದುವರೆಗೆ ಯೋಚಿಸಿರಲಿಲ್ಲ. ತೆರವಾದ ಎರಡು ಸ್ಥಾನಗಳಿಗೆ, ಕಿಟ್ ಹೊರಲೆಂದು ಜೊತೆಗೆ ಬಂದಿದ್ದ ಇಬ್ಬರನ್ನು ಇಳಿಸಿದ್ದರು. ಅವರಲ್ಲೊಬ್ಬನು ಎಂಟನೆಯವನಾಗಿ ಬ್ಯಾಟು ಹಿಡಿದು, ಅಬ್ಬರವೇನೂ ಇಲ್ಲದೆ, ಒಂದೊಂದೇ ಓಟವನ್ನು ಕೂಡಿಸಿ, ಕುಸಿಯುತ್ತಿದ್ದ ತಂಡವನ್ನು ಮರ್ಯಾದೆಯ ಮೊತ್ತಕ್ಕೆ ಮುಟ್ಟಿಸಿದನು.

ನನ್ನ ಮನಸ್ಸಿನಲ್ಲಿ ಇಂದಿಗೂ ಉಳಿದಿರುವುದು ಆಮೇಲಿನ ಪ್ರಸಂಗ. ಗಜೇಂದ್ರಗಡದವರ ಸರದಿಯಲ್ಲಿ ರೋಣದ ಒಬ್ಬ ಹುಡುಗನಿಗೆ ಕಾಲು ಉಳುಕಿತು. ಅವನ ಬದಲಿಗೆ, ಅದುವರೆಗೆ ಬೇವಿನ ಮರದ ನೆರಳಿನಲ್ಲಿ ನೀರಿನ ಕೊಡ ಕಾಯುತ್ತಿದ್ದ ಸುಮಾರು ಹದಿನೈದು ವರ್ಷದ ಪೋರನೊಬ್ಬನು ಚಪ್ಪಲಿ ಕಳಚಿಟ್ಟು ಬರಿಗಾಲಿನಲ್ಲೇ ಗೆರೆಯ ಬಳಿ ಹೋಗಿ ನಿಂತನು. ಎರಡು ಓವರುಗಳು ಕಳೆದಿರಬಹುದು. ಎದುರಾಳಿಗಳ ಕೊನೆಯ ಭರವಸೆಯಾಗಿದ್ದ ದಾಂಡಿಗನು ಎತ್ತಿ ಹೊಡೆದ ಚೆಂಡನ್ನು, ಸೂರ್ಯನು ಕಣ್ಣಿಗೆ ಹೊಡೆಯುತ್ತಿದ್ದರೂ, ಆ ಪೋರನು ಹಿಮ್ಮುಖವಾಗಿ ಏಳೆಂಟು ಹೆಜ್ಜೆ ಓಡಿ ಎರಡೂ ಅಂಗೈಗಳಲ್ಲಿ ಹಿಡಿದು ಎದೆಗವಚಿಕೊಂಡನು. ಪಂದ್ಯವು ಅಲ್ಲಿಗೇ ಮುಗಿದಂತಾಯಿತು.

ಅಂಕಪುಸ್ತಕ ಬರೆಯುತ್ತಿದ್ದವರು ಒಬ್ಬ ನಿವೃತ್ತ ಮಾಸ್ತರರು. ಅವರು ಲೇಖನಿಯನ್ನು ಎತ್ತಿಹಿಡಿದು ಆ ಹುಡುಗನನ್ನು ಹತ್ತಿರ ಕರೆದರು.

“ತಮ್ಮಾ, ನಿನ್ನ ಹೆಸರು ಏನು?”

“ನಾ ಟೀಮಿನ್ಯಾಗ ಇಲ್ರೀ ಸರ. ಬದಲಿ ಆಡಾಕತ್ತೀನ್ರಿ.”

“ಕ್ಯಾಚು ಬದಲಿ ಹಿಡೀಲಿಲ್ಲಪಾ, ನೀ ಹಿಡದಿ. ಹೆಸರು ಹೇಳು.”

ಅವನು ನಾಚುತ್ತ ಹೇಳಿದನು. ಮಾಸ್ತರರು ಅದನ್ನು ಊರಿನ ಹೆಸರಿನ ಸಮೇತ ದುಂಡಗಿನ ಅಕ್ಷರಗಳಲ್ಲಿ ಬರೆದುಕೊಂಡರು. ಪಂದ್ಯ ಮುಗಿದ ಬಳಿಕ ನಾನು ಆ ಪುಸ್ತಕವನ್ನು ಕೇಳಿ ಪಡೆದು ಹಾಳೆ ತಿರುವಿದೆನು. ವರ್ಷಗಟ್ಟಲೆಯ ಆಟಗಳು ಅಲ್ಲಿದ್ದವು. ಬದಲಿಯಾಗಿ ಬಂದು ಕ್ಯಾಚು ಹಿಡಿದ, ರನೌಟು ಮಾಡಿದ ಪ್ರತಿಯೊಬ್ಬನ ಹೆಸರೂ ಅಲ್ಲಿತ್ತು. ನೆಲದೊಳಗಿನ ಶಾಸನವೊಂದನ್ನು ಕಂಡಾಗ ಸಂಶೋಧಕನಿಗಾಗುವ ಸಂತೋಷ ನನಗಾಯಿತೆಂದರೆ ಅದು ಉತ್ಪ್ರೇಕ್ಷೆಯಲ್ಲ.

ಏಕೆಂದರೆ ಕ್ರಿಕೆಟ್ಟಿನ ಸಂಪ್ರದಾಯವು ಇದಕ್ಕೆ ತೀರ ವಿರುದ್ಧವಾದುದು. ಬದಲಿ ಆಟಗಾರನು ಕ್ಯಾಚು ಹಿಡಿದರೆ ಅಂಕಪಟ್ಟಿಯಲ್ಲಿ ದಶಕಗಳ ಕಾಲ ಅಚ್ಚಾಗುತ್ತಿದ್ದುದು ‘ಸಬ್’ ಎಂಬ ಒಂದೇ ಅನಾಮಧೇಯ ಶಬ್ದ. ಈಚೆಗೆ ಕೆಲವೆಡೆ ಆವರಣದೊಳಗೆ ಹೆಸರು ಕಾಣುವುದುಂಟು. 1930ರಲ್ಲಿ ಇಂಗ್ಲೆಂಡಿನ ಟ್ರೆಂಟ್ ಬ್ರಿಜ್ ಮೈದಾನದಲ್ಲಿ ಬ್ರಾಡ್ಮನ್ನನು 131 ಓಟಗಳ ಆಟವಾಡುತ್ತ ಆಸ್ಟ್ರೇಲಿಯವನ್ನು ಗೆಲುವಿನತ್ತ ನಡೆಸುತ್ತಿದ್ದಾಗ, ಅವನಿಗೆ ಜೊತೆಯಾಗಿದ್ದ ಮೆಕ್‌ಕೇಬನು 49ಕ್ಕೆ ಔಟಾದುದು ಸಿಡ್ ಕೋಪ್ಲಿ ಎಂಬ, ಮೈದಾನದ ಸಿಬ್ಬಂದಿಗೆ ಸೇರಿದ ಒಬ್ಬ ತರುಣನು ಬದಲಿಯಾಗಿ ಇಳಿದು ಹಿಡಿದ ಕ್ಯಾಚಿನಿಂದ. ಆ ಪಂದ್ಯವನ್ನು ಇಂಗ್ಲೆಂಡು 93 ಓಟಗಳಿಂದ ಗೆದ್ದಿತು; ಕೋಪ್ಲಿಯಾದರೋ ತನ್ನ ಆಯುಷ್ಯದಲ್ಲಿ ಆಡಿದ್ದು ಒಂದೇ ಒಂದು ಪ್ರಥಮದರ್ಜೆಯ ಪಂದ್ಯ. ಎಪ್ಪತ್ತೈದು ವರ್ಷಗಳ ಮೇಲೆ, 2005ರಲ್ಲಿ, ಅದೇ ಮೈದಾನದಲ್ಲಿ ಗ್ಯಾರಿ ಪ್ರ್ಯಾಟ್ ಎಂಬ ಬದಲಿ ಕ್ಷೇತ್ರರಕ್ಷಕನ ಎಸೆತವು ಆಸ್ಟ್ರೇಲಿಯದ ನಾಯಕ ಪಾಂಟಿಂಗನನ್ನು ಓಡುವಾಗಲೇ ಔಟು ಮಾಡಿತು. ಟೆಸ್ಟ್ ತಂಡಕ್ಕೆ ಆಯ್ಕೆಯಾಗುವ ಭಾಗ್ಯ ಪ್ರ್ಯಾಟನಿಗೂ ಎಂದೂ ಲಭಿಸಲಿಲ್ಲ. ಒಂದೇ ಮೈದಾನವು ಎರಡು ಸಲ ಇಂಥವರನ್ನು ಕರೆದು ನಿಲ್ಲಿಸಿದ ಈ ಯೋಗಾಯೋಗವನ್ನು ಎಷ್ಟು ಸಲ ನೆನೆದರೂ ನನಗೆ ತೃಪ್ತಿಯಿಲ್ಲ. ಆಸ್ಟ್ರೇಲಿಯದವರ ಸ್ವಂತ ಆಟವಾದ, ಹದಿನೆಂಟು ಮಂದಿಯ ಫುಟ್‌ಬಾಲಿನಲ್ಲಿಯೂ 2019ರ ಅಂತಿಮ ಪಂದ್ಯದ ದಿನವೇ ರಿಚ್ಮಂಡ್ ತಂಡಕ್ಕೆ ಮೊದಲ ಸಲ ಇಳಿದ ಮಾರ್ಲಿಯನ್ ಪಿಕೆಟ್ಟನಿದ್ದಾನೆ. ಇಪ್ಪತ್ತೇಳರ ವಯಸ್ಸಿನ, ಅದುವರೆಗೆ ಯಾರೂ ಲೆಕ್ಕಕ್ಕೆ ಹಿಡಿಯದ ಆತನು ಆ ದಿನದ 89 ಅಂಕಗಳ ಜಯದಲ್ಲಿ ಪಾಲುಗಾರನಾದನು.

ಅಷ್ಟು ದೂರವಾದರೂ ಏಕೆ ಹೋಗಬೇಕು? ಗದಗಿನ ಸುನೀಲ ಜೋಶಿಯ ವೃತ್ತಾಂತವನ್ನು ಈ ಜಿಲ್ಲೆಯ ಓದುಗರಿಗೆ ನಾನು ಹೇಳಬೇಕಾದುದಿಲ್ಲ. ಬೆಳಗಿನ ಜಾವ ಹುಬ್ಬಳ್ಳಿಗೆ ಅಭ್ಯಾಸಕ್ಕೆಂದು ಹೋಗಿ, ಶಾಲೆಯ ಗಂಟೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದ ಆ ಬಾಲಕನು, 1995–96ರ ರಣಜಿ ಋತುವಿನಲ್ಲಿ 529 ಓಟಗಳನ್ನೂ 52 ವಿಕೆಟ್ಟುಗಳನ್ನೂ ಗಳಿಸಿ ಕರ್ನಾಟಕವನ್ನು ಗೆಲ್ಲಿಸಿದವರ ಪಂಕ್ತಿಯಲ್ಲಿ ಕುಳಿತನು. ಕುಂಬ್ಳೆ, ಶ್ರೀನಾಥ, ಪ್ರಸಾದ, ದ್ರಾವಿಡರಂಥ ಮಹಾರಥಿಗಳು ಆ ದಶಕದ ಬಹುಭಾಗ ರಾಷ್ಟ್ರತಂಡದ ಜೊತೆ ಇರಬೇಕಾಗುತ್ತಿದ್ದುದರಿಂದ, ರಾಜ್ಯತಂಡದ ಭಾರವು ಅವರಷ್ಟು ಪ್ರಸಿದ್ಧರಲ್ಲದವರ ಹೆಗಲಿಗೆ ಬೀಳುತ್ತಿತ್ತು. ಹಾಗೆ ಬಿದ್ದುದರಿಂದಲೇ ಕರ್ನಾಟಕವು ನಾಲ್ಕು ಋತುಗಳಲ್ಲಿ ಮೂರು ಸಲ ರಣಜಿಯನ್ನು ಗೆದ್ದಿತೆಂಬುದು ನನ್ನ ದೃಢವಾದ ಅಭಿಪ್ರಾಯ.

ಅವರಲ್ಲಿ ನನಗೆ ಅತ್ಯಂತ ಪ್ರಿಯನಾದವನು ಕನ್ನಡಕಧಾರಿಯಾದ ವಿಜಯ ಭಾರದ್ವಾಜ. 1998–99ರ ಅಂತಿಮ ಪಂದ್ಯದಲ್ಲಿ, ಬೆಂಗಳೂರಿನಲ್ಲಿ, ಮಧ್ಯಪ್ರದೇಶವು ಮೊದಲ ಸರದಿಯಲ್ಲಿ 75 ಓಟಗಳ ಮುನ್ನಡೆ ಪಡೆದಿತ್ತು. ಪಂದ್ಯವು ಸಮವಾದರೂ ಪ್ರಶಸ್ತಿ ಅವರದೇ. ಅವರ ಗೆಲುವಿಗೆ 247 ಬೇಕಿದ್ದಾಗ, ಮುಖ್ಯವಾಗಿ ಬ್ಯಾಟುಗಾರನೆಂದೇ ಎಣಿಸಲ್ಪಟ್ಟಿದ್ದ, ಆ ಋತುವಿನಲ್ಲಿ 1,280 ಓಟಗಳನ್ನು ಹೊಡೆದಿದ್ದ ಈ ಭಾರದ್ವಾಜನು ತನ್ನ ಆಫ್ ಸ್ಪಿನ್ನಿನಿಂದ 24 ಓಟಗಳಿಗೆ 6 ವಿಕೆಟ್ಟು ಕಿತ್ತು, ಎದುರಾಳಿಗಳನ್ನು 150ಕ್ಕೆ ಕಟ್ಟಿಹಾಕಿ, 96 ಓಟಗಳ ವಿಜಯವನ್ನು ದೊರಕಿಸಿದನು. ಅಂದು ಸೋತ ನಾಯಕ ಚಂದ್ರಕಾಂತ ಪಂಡಿತರು ಅದೇ ಮೈದಾನದಲ್ಲಿ 2022ರಲ್ಲಿ, ತರಬೇತುದಾರರಾಗಿ, ಮಧ್ಯಪ್ರದೇಶಕ್ಕೆ ರಣಜಿಯನ್ನು ಗೆಲ್ಲಿಸಿಕೊಟ್ಟುದು ಬೇರೊಂದು ದೊಡ್ಡ ಕಥೆ.

ಅದೇ 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ಜೋಶಿಯೂ ಭಾರದ್ವಾಜನೂ ಒಟ್ಟಾಗಿ ಭಾರತಕ್ಕೆ ಆಡಿದರು. ದಕ್ಷಿಣ ಆಫ್ರಿಕದ ಎದುರು ಜೋಶಿಯ ಲೆಕ್ಕ ಹೀಗಿತ್ತು: ಹತ್ತು ಓವರು, ಅವುಗಳಲ್ಲಿ ಆರು ಮೇಡನ್ನು, ಆರು ಓಟ, ಐದು ವಿಕೆಟ್ಟು. ಗಿಬ್ಸ್, ಕ್ರೋನಿಯೆ, ರೋಡ್ಸ್, ಪೊಲಾಕ್ ಮುಂತಾದವರು ಗದಗಿನ ಎಡಗೈಗೆ ಬಲಿಯಾದರು. ತಂಡವು 117ಕ್ಕೆ ಮುದುಡಿತು. ಸರಣಿಶ್ರೇಷ್ಠ ಪುರಸ್ಕಾರವು ಭಾರದ್ವಾಜನಿಗೆ ಸಂದಿತು. ಆದಾಗ್ಯೂ ಜೋಶಿ ಆಡಿದುದು ಹದಿನೈದೇ ಟೆಸ್ಟುಗಳು, ಭಾರದ್ವಾಜನು ಮೂರೇ. ಇದನ್ನು ಅನ್ಯಾಯವೆಂದು ನಾನು ಅಂದೂ ಬಗೆದಿದ್ದೆ, ಇಂದೂ ಬಗೆಯುತ್ತೇನೆ.

ನರಗುಂದದಿಂದ ಮರಳುವ ಮೊದಲು ಮಾಸ್ತರರಿಗೆ ಈ ನೈರೋಬಿಯ ಲೆಕ್ಕವನ್ನು ನೆನಪಿಸಿದೆನು. ಅವರಿಗೆ ಅದು ಕಂಠಸ್ಥವಾಗಿತ್ತು. “ಅದನ್ನ ಎಲ್ಲಾರೂ ಬರದಾರ್ರಿ,” ಎಂದು ಹೇಳಿ ಅವರು ತಮ್ಮ ಪುಸ್ತಕದ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು: “ಇದನ್ನ ಬರಿಯಾವರು ಬೇಕಲ್ರಿ?” ಆ ಸಾಲಿನಲ್ಲಿದ್ದುದು ಬರಿಗಾಲಿನ ಹುಡುಗನ ಹೆಸರು.

ಬರುವ ಬೇಸಗೆಯಲ್ಲಿ ರೋಣ, ನರಗುಂದ, ಗಜೇಂದ್ರಗಡಗಳ ಬಯಲುಗಳಲ್ಲಿ ಮತ್ತೆ ಪಂದ್ಯಗಳು ನಡೆಯುವುವು. ಅಲ್ಲಿ ಅಂಕ ಬರೆಯಲು ಕೂಡುವ ಮಹನೀಯರಲ್ಲಿ ನನ್ನದೊಂದು ವಿನಂತಿ: ಬದಲಿಯಾಗಿ ಬಂದವನು ಕ್ಯಾಚು ಹಿಡಿದಾಗ ‘ಸಬ್’ ಎಂದು ಬರೆಯಬೇಡಿರಿ, ಅವನನ್ನು ಕರೆದು, ಹೆಸರು ಕೇಳಿ, ಊರಿನ ಸಮೇತ ಬರೆಯಿರಿ.