ಘಾಟಿ ಮುಚ್ಚಿದಾಗ ಮೊದಲ ವೈದ್ಯರು ನೀವೇ

ಪುಷ್ಯ, ಆಶ್ಲೇಷಾ ಮಳೆ ಹಿಡಿಯಿತೆಂದರೆ ಸಕಲೇಶಪುರ, ಆಲೂರು ಸೀಮೆಯ ಬೆಟ್ಟದ ಜನರಿಗೆ ಆತಂಕ ತಪ್ಪಿದ್ದಲ್ಲ. ಯಾವ ಧರೆ ಯಾವಾಗ ಕುಸಿಯುತ್ತದೆ, ಯಾವ ಮರ ರಸ್ತೆಗೆ ಅಡ್ಡ ಬೀಳುತ್ತದೆ ಎಂದು ಹೇಳುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿಯ ಹೆದ್ದಾರಿ ಮತ್ತು ಸುಬ್ರಹ್ಮಣ್ಯದ ಕಡೆಗಿನ ರೈಲು ಮಾರ್ಗ ಎರಡೂ ಬಂದ್ ಆದವು. ರೈಲು ಮತ್ತೆ ಓಡಲು ವಾರಗಳೇ ಹಿಡಿದವು. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿತು. ಅದೇ ತಿಂಗಳು ದೊಡ್ಡತಪ್ಪಲಿನ ಬಳಿ ಹೆದ್ದಾರಿಯ ಮೇಲೂ ಗುಡ್ಡ ಕುಸಿಯಿತು.

ಇಂಥ ಹೊತ್ತಿನಲ್ಲಿ ನಿಮ್ಮ ತೋಟದ ಲೈನ್ ಮನೆಯ ಗೋಡೆ ಬಿದ್ದು ಒಬ್ಬರ ಕಾಲು ಮುರಿಯಿತೆನ್ನಿ. 108ಕ್ಕೆ ಫೋನ್ ಮಾಡಿದರೂ ಆಂಬುಲೆನ್ಸ್ ಬರಲು ದಾರಿ ಬೇಕಲ್ಲ? ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯೋ ಹಾಸನದ ದೊಡ್ಡಾಸ್ಪತ್ರೆಯೋ ಸಿಗುವವರೆಗೆ ಆ ಗಾಯಾಳುವನ್ನು ಉಳಿಸಬೇಕಾದವರು ಪಕ್ಕದ ಮನೆಯವರು. ಜಗತ್ತಿನ ಅತಿ ದೊಡ್ಡ ಪರಿಹಾರ ಸಂಸ್ಥೆಯಾದ ರೆಡ್‌ಕ್ರಾಸ್ ಹುಟ್ಟಿದ್ದೇ ಈ ಮಾತಿನಿಂದ ಎಂಬುದು ನಿಮಗೆ ತಿಳಿದಿದೆಯೇ?

ಒಂದು ಯುದ್ಧದ ಮರುದಿನ

1859ರ ಜೂನ್ 24ರಂದು ಇಟಲಿಯ ಸೋಲ್ಫೆರಿನೊ ಎಂಬಲ್ಲಿ ಫ್ರಾನ್ಸ್–ಸಾರ್ಡೀನಿಯಾ ಪಡೆಗಳಿಗೂ ಆಸ್ಟ್ರಿಯಾ ಸೈನ್ಯಕ್ಕೂ ಘೋರ ಕಾಳಗ ನಡೆಯಿತು. ಸಾವಿರಾರು ಗಾಯಾಳುಗಳು ಹತ್ತಿರದ ಕ್ಯಾಸ್ಟಿಗ್ಲಿಯೋನೆ ಊರಿಗೆ ಬಂದು ತುಂಬಿದರು. ವ್ಯಾಪಾರದ ಕೆಲಸಕ್ಕಾಗಿ ಅತ್ತ ಬಂದಿದ್ದ ಜಿನೀವಾದ ಹೆನ್ರಿ ಡ್ಯುನಾಂಟ್ ಅಲ್ಲಿ ಕಂಡದ್ದು ಸೈನ್ಯದ ಬೆರಳೆಣಿಕೆಯ ವೈದ್ಯರನ್ನು, ಆರೈಕೆಗೆ ಕಾದು ಬಿದ್ದಿದ್ದ ಗಾಯಾಳುಗಳನ್ನು. ಆತ ಊರಿನ ಹೆಂಗಸರನ್ನು ಕೂಡಿಸಿಕೊಂಡು ಚರ್ಚಿನಲ್ಲೇ ಆರೈಕೆಗೆ ನಿಂತ. ಅವರು ಯಾವ ಕಡೆಯ ಸೈನಿಕನೆಂದು ಕೇಳದೆ ಗಾಯ ತೊಳೆದರು, ನೀರು ಕುಡಿಸಿದರು.

ಅವರಲ್ಲಿ ಕರುಣೆಗೆ ಕೊರತೆ ಇರಲಿಲ್ಲ, ಕೊರತೆ ಇದ್ದುದು ತರಬೇತಿಗೆ. ಹಾಗಾಗಿ 1862ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಡ್ಯುನಾಂಟ್ ಒಂದು ಸಲಹೆ ಮುಂದಿಟ್ಟ: ಪ್ರತಿ ದೇಶದಲ್ಲೂ ಶಾಂತಿಕಾಲದಲ್ಲೇ ಸ್ವಯಂಸೇವಕರ ಸಂಘ ಕಟ್ಟಿ ಅವರನ್ನು ಸಿದ್ಧಪಡಿಸಬೇಕು. 1863ರಲ್ಲಿ ಜಿನೀವಾದಲ್ಲಿ ಐವರ ಸಮಿತಿ ಸೇರಿತು. 1864ರಲ್ಲಿ 12 ದೇಶಗಳು ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿದವು. ಮುಂದೆ ಡ್ಯುನಾಂಟ್ ದಿವಾಳಿಯಾಗಿ ಬಹುಕಾಲ ಬಡತನದಲ್ಲಿ ಕಳೆದರೂ 1901ರಲ್ಲಿ ಮೊತ್ತಮೊದಲ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಫ್ರೆಡರಿಕ್ ಪಾಸಿಯವರೊಂದಿಗೆ ಹಂಚಿಕೊಂಡ. ಆತನ ಹುಟ್ಟುಹಬ್ಬವಾದ ಮೇ 8 ಇಂದು ವಿಶ್ವ ರೆಡ್‌ಕ್ರಾಸ್ ದಿನ.

ಮೊದಲ ಮಹಾಯುದ್ಧದ ನಂತರ, 1919ರಲ್ಲಿ, ರಾಷ್ಟ್ರೀಯ ಸಂಘಗಳ ಒಕ್ಕೂಟ ರಚನೆಯಾಯಿತು. ಅಲ್ಲಿಂದ ನೆರೆ, ಭೂಕಂಪ, ಸಾಂಕ್ರಾಮಿಕ ರೋಗಗಳೂ ರೆಡ್‌ಕ್ರಾಸ್‌ನ ಹೊಣೆಯಾದವು. ಮರುವರ್ಷ, 1920ರ ಮಾರ್ಚ್‌ನಲ್ಲಿ, ಕಾನೂನಿನ ಮೂಲಕ ಭಾರತೀಯ ರೆಡ್‌ಕ್ರಾಸ್ ಸಂಸ್ಥೆ ಹುಟ್ಟಿತು. ರಾಷ್ಟ್ರಪತಿಗಳು ಇದರ ಅಧ್ಯಕ್ಷರು. ರಾಜ್ಯದಲ್ಲಿ ರಾಜ್ಯಪಾಲರು, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳು ಶಾಖೆಯ ಮುಖ್ಯಸ್ಥರು. ಶಾಲೆಯಲ್ಲಿ ಜೂನಿಯರ್ ರೆಡ್‌ಕ್ರಾಸ್, ಕಾಲೇಜಿನಲ್ಲಿ ಯೂತ್ ರೆಡ್‌ಕ್ರಾಸ್ ಘಟಕಗಳಿವೆ. ನಿಮ್ಮ ಮಕ್ಕಳು ಸೇರಿದ್ದರೆ ಅಲ್ಲಿ ಏನು ಕಲಿತರೆಂದು ಒಮ್ಮೆ ಕೇಳಿ.

ಇನ್ನೊಂದು ಮಾತು. ಬಿಳಿಯ ಮೇಲಿನ ಕೆಂಪು ಶಿಲುಬೆ ಔಷಧಿ ಅಂಗಡಿಯ ಗುರುತಲ್ಲ, ವೈದ್ಯರ ಗುರುತೂ ಅಲ್ಲ. ಅದು ಯುದ್ಧದಲ್ಲಿ ಆರೈಕೆ ಮಾಡುವವರನ್ನು ಕಾಪಾಡುವ ರಕ್ಷಣಾ ಚಿಹ್ನೆ. 1960ರ ಜಿನೀವಾ ಒಪ್ಪಂದಗಳ ಕಾಯಿದೆಯಂತೆ ಅನುಮತಿಯಿಲ್ಲದೆ ಅದನ್ನು ಬಳಸುವುದು ಅಪರಾಧ.

ಮಳೆಗಾಲಕ್ಕೆ ಮೊದಲು ಕಲಿಯಿರಿ

ಪ್ರತಿ ಊರಿನಲ್ಲಿ, ಪ್ರತಿ ತೋಟದಲ್ಲಿ ಕನಿಷ್ಠ ಇಬ್ಬರಾದರೂ ಪ್ರಥಮ ಚಿಕಿತ್ಸೆ ಕಲಿತಿರಬೇಕು. ತೋಟದ ರೈಟರು, ಮೇಸ್ತ್ರಿ, ಆಶಾ ಕಾರ್ಯಕರ್ತೆ, ಕಾಲೇಜು ಹುಡುಗರು ಯಾರಾದರೂ ಸರಿ. ರೆಡ್‌ಕ್ರಾಸ್ ಮತ್ತು ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಈ ತರಬೇತಿ ನೀಡುತ್ತವೆ. ಅಲ್ಲಿಯವರೆಗೆ ಇಷ್ಟು ನೆನಪಿರಲಿ:

* ಮಣ್ಣಿನಿಂದ ತೆಗೆದವರ ಬಾಯಿ, ಮೂಗಿನ ಕೆಸರನ್ನು ಮೊದಲು ತೆಗೆಯಿರಿ. ಪ್ರಜ್ಞೆ ಇಲ್ಲದವರಿಗೆ ನೀರು ಕುಡಿಸಕೂಡದು.

* ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಗಾಯದ ಮೇಲೆಯೇ ಬಲವಾಗಿ ಒತ್ತಿ ಹಿಡಿಯಿರಿ. ಅರಿಶಿನ, ಕಾಫಿಪುಡಿ ತುಂಬಬೇಡಿ.

* ಬೆನ್ನು, ಕುತ್ತಿಗೆಗೆ ಪೆಟ್ಟಾಗಿದ್ದರೆ ಅಪಾಯದ ಜಾಗವಲ್ಲದಿದ್ದಲ್ಲಿ ಅಲುಗಿಸಬೇಡಿ. ಸಾಗಿಸಲೇಬೇಕಾದರೆ ಅಗಲವಾದ ಹಲಗೆಯ ಮೇಲೆ, ತಲೆ ಮತ್ತು ದೇಹ ಒಂದೇ ನೇರದಲ್ಲಿರುವಂತೆ ಮಲಗಿಸಿ. ಬೇರೆ ಗಾಯಾಳುಗಳನ್ನು ಹೊರಲು ಎರಡು ಬಿದಿರ ಗಳಗಳಿಗೆ ಗಟ್ಟಿ ಕಂಬಳಿ ಸುತ್ತಿದರೆ ಡೋಲಿ ಸಿದ್ಧ.

* ಮಳೆಯಲ್ಲಿ ನೆನೆದು ನಡುಗುವವರ ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ. ಪ್ರಜ್ಞೆ ಇದ್ದರೆ ಬಿಸಿ ಕಾಫಿ ಕೊಡಬಹುದು. ಬ್ರಾಂದಿ ಕುಡಿಸಿದರೆ ಮೈ ಬಿಸಿಯಾದಂತೆ ಅನಿಸಿದರೂ ದೇಹದ ಶಾಖ ಇನ್ನಷ್ಟು ಇಳಿಯುತ್ತದೆ.

* ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ವಿಷ ಹೀರುವುದು ಬೇಡ. ಬಳೆ, ಉಂಗುರ ತೆಗೆಯಿರಿ. ಕಚ್ಚಿದ ಕೈಕಾಲು ಅಲುಗದಂತೆ ಕೋಲಿಗೆ ಸಡಿಲವಾಗಿ ಕಟ್ಟಿ, ನಡೆಸದೆ ಹೊತ್ತುಕೊಂಡು ಆಸ್ಪತ್ರೆಗೆ ಸಾಗಿಸಿ. ವಿಷಕ್ಕೆ ಮದ್ದು ಆಸ್ಪತ್ರೆಯ ಚುಚ್ಚುಮದ್ದೊಂದೇ.

* ಪ್ರವಾಹದ ನಂತರ ಕುಡಿಯುವ ನೀರನ್ನು ಕುದಿಸಿ ಆರಿಸಿ. ಭೇದಿಯಾದರೆ ಓಆರ್‌ಎಸ್ ಕೊಡಿ. ಸಿಗದಿದ್ದಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ.

* ಕೆಸರು ನೀರಿನಲ್ಲಿ ಓಡಾಡಿದ ಬಳಿಕ ಜ್ವರ, ಮೀನಖಂಡದಲ್ಲಿ ನೋವು ಕಂಡರೆ ಅದು ಇಲಿ ಜ್ವರ ಇರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿ.

ದಾರಿ ಕಟ್ಟಾಗುವ ಮುನ್ನವೇ ತುಂಬು ಗರ್ಭಿಣಿಯರನ್ನು, ಡಯಾಲಿಸಿಸ್ ಬೇಕಾದವರನ್ನು ಆಸ್ಪತ್ರೆಗೆ ಸಮೀಪದ ನೆಂಟರ ಮನೆಗೆ ಕಳುಹಿಸಿ. ಬಿಪಿ, ಸಕ್ಕರೆ ಕಾಯಿಲೆಯವರು 15 ದಿನದ ಮಾತ್ರೆ ಹೆಚ್ಚುವರಿಯಾಗಿ ಇಟ್ಟುಕೊಳ್ಳಲಿ. ಜಿಲ್ಲಾಡಳಿತದ 1077 ಸಂಖ್ಯೆಯನ್ನು ಬಾಗಿಲ ಹಿಂದೆ ಬರೆದಿಡಿ.

ಆ ಊರಿನ ಹೆಂಗಸರಿಗೆ ಸಿದ್ಧತೆಗೆ ಸಮಯ ಸಿಗಲಿಲ್ಲ. ನಿಮಗೆ ಮುಂಗಾರಿನವರೆಗೆ ಸಮಯವಿದೆ. ಆರಿದ್ರಾ ಮಳೆ ಸುರಿಯುವ ಮೊದಲೇ ನಾಲ್ಕು ಮನೆಯವರು ಒಟ್ಟಿಗೆ ಕುಳಿತು, ಯಾರು ಗಾಯ ಕಟ್ಟುವವರು, ಯಾರು ಡೋಲಿ ಹೊರುವವರು ಎಂದು ಗೊತ್ತುಮಾಡಿಕೊಳ್ಳಿ.