ಕಪ್ಪು ಶಾಯಿಯೊಳಗಿನ ನೀಲಿ

ಸೋಸುವಿಕೆ, ಆವೀಕರಣ, ಉತ್ಪತನ, ಆಸವನ, ಕ್ರೊಮ್ಯಾಟೊಗ್ರಫಿ... ಮಿಶ್ರಣಗಳನ್ನು ಬೇರ್ಪಡಿಸುವ ವಿಧಾನಗಳೆಂದರೆ ಒಂಬತ್ತನೇ ತರಗತಿಯ ಬಹುತೇಕ ಮಕ್ಕಳಿಗೆ ಇಷ್ಟೇ. ಹೆಸರು ಬಾಯಿಪಾಠ ಮಾಡು, ಚಿತ್ರ ಬಿಡಿಸು, ಅಂಕ ತಗೋ. ಬಿ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಾ, ಸಂಜೆ ಮನೆಯಲ್ಲಿ ಟ್ಯೂಷನ್ ಹೇಳುವ ನನಗೆ ಮಾತ್ರ ಈ ಪಾಠ ಈಗ ಅನ್ನದ ಪ್ರಶ್ನೆ. ಔಷಧ ಕಂಪನಿಗಳ ಗುಣಮಟ್ಟ ವಿಭಾಗದ ಸಂದರ್ಶನಗಳಲ್ಲಿ ಮಾತು ಸುತ್ತಿ ಸುತ್ತಿ ಬಂದು ನಿಲ್ಲುವುದು ಇಲ್ಲಿಗೇ.

ಕಳೆದ ತಿಂಗಳು ಒಂದು ಕಡೆ ನಾಲ್ವರನ್ನು ಒಟ್ಟಿಗೆ ಕೂರಿಸಿ ಕೇಳಿದರು: "ಮರಳು, ಉಪ್ಪು, ಕಬ್ಬಿಣದ ಪುಡಿ, ಕರ್ಪೂರ ಬೆರೆತಿವೆ. ಹೇಗೆ ಬೇರೆ ಮಾಡ್ತೀರಿ?" ನನ್ನ ಪಕ್ಕದವರು ಥಟ್ಟನೆ, "ನೀರು ಹಾಕಿ ಸೋಸ್ತೀನಿ ಸರ್" ಎಂದರು. "ಕಬ್ಬಿಣ ಒದ್ದೆಯಾದ ಮೇಲೆ?" ಎಂಬ ಮರುಪ್ರಶ್ನೆ ಬಂತು. ಆಟವಿರುವುದು ಕ್ರಮದಲ್ಲಿ. ಪುಡಿ ಒಣಗಿರುವಾಗಲೇ ಅಯಸ್ಕಾಂತದಿಂದ ಕಬ್ಬಿಣ ತೆಗೆಯಬೇಕು. ಉಳಿದದ್ದನ್ನು ಪಿಂಗಾಣಿ ಬಟ್ಟಲಿಗೆ ಹಾಕಿ, ಮೇಲೆ ಆಲಿಕೆ ಬೋರಲು ಹಾಕಿ, ಅದರ ಬಾಯಿಗೆ ಹತ್ತಿ ತುರುಕಿ ಮೆಲ್ಲಗೆ ಬಿಸಿ ಮಾಡಿದರೆ ಕರ್ಪೂರ ಆವಿಯಾಗಿ ಆಲಿಕೆಯ ತಣ್ಣನೆ ಗೋಡೆಗೆ ಅಂಟುತ್ತದೆ. (ಉರಿ ನೇರವಾಗಿ ತಾಗಬಾರದು, ಕರ್ಪೂರ ಹೊತ್ತಿಕೊಂಡೀತು!) ನೀರಿನ ಸರದಿ ಆಮೇಲೆ: ಉಪ್ಪು ಕರಗುತ್ತದೆ, ಸೋಸಿದರೆ ಮರಳು ಕಾಗದದಲ್ಲಿ ಉಳಿಯುತ್ತದೆ, ನೀರು ಇಂಗಿಸಿದರೆ ಉಪ್ಪು ಸಿಗುತ್ತದೆ.

ಹಾಗಾಗಿ ಮಕ್ಕಳಿಗೆ ನಾನು ವಿಧಾನದ ಹೆಸರನ್ನು ಮೊದಲು ಹೇಳುವುದಿಲ್ಲ. 'ಇವೆರಡರ ನಡುವೆ ಯಾವ ಗುಣ ಬೇರೆ?' ಎಂದು ಕೇಳುತ್ತೇನೆ. ಅಮ್ಮ ಮೊರದಲ್ಲಿ ಕೇರುವಾಗ ಹೊಟ್ಟು ಹಗುರ, ಕಾಳು ಭಾರ. ಜರಡಿಯಲ್ಲಿ ಗಾತ್ರ ಬೇರೆ. ಅಸಿಟೋನ್ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ನೀರು 100ರಲ್ಲಿ, ಬಟ್ಟಿ ಇಳಿಸಿದರಾಯಿತು. ಆದರೆ ಆಲ್ಕೊಹಾಲ್ ಮತ್ತು ನೀರಿನ ಮಿಶ್ರಣವನ್ನು ಎಷ್ಟು ಸಲ ಬಟ್ಟಿ ಇಳಿಸಿದರೂ ಆಲ್ಕೊಹಾಲ್ ಸುಮಾರು ಶೇ 95ಕ್ಕೆ ಬಂದು ನಿಂತುಬಿಡುತ್ತದೆ. ಆ ಹಂತದಲ್ಲಿ ದ್ರವದಲ್ಲಿರುವ ಪ್ರಮಾಣವೇ ಆವಿಯಲ್ಲೂ ಇರುತ್ತದೆ. ವ್ಯತ್ಯಾಸ ಮುಗಿಯಿತು, ಆಸವನವೂ ಮುಗಿಯಿತು. ಇದು ಒಂಬತ್ತನೇ ತರಗತಿಯ ಪುಸ್ತಕದಲ್ಲಿಲ್ಲ. ಆದರೂ ನಾನು ಹೇಳುತ್ತೇನೆ, ಮಕ್ಕಳ ಕಣ್ಣು ಅರಳುವುದು ಇಲ್ಲೇ.

ಇನ್ನು ಜಾಹೀರಾತುಗಳಲ್ಲಿ ಕಾಣುವ 'ಎಚ್‌ಪಿಎಲ್‌ಸಿ ಅನುಭವ ಕಡ್ಡಾಯ' ಎಂಬ ಸಾಲು. ನಾನು ಓದಿದ ಕಾಲೇಜಿನಲ್ಲಿ ಆ ಯಂತ್ರವೇ ಇರಲಿಲ್ಲ. ಫ್ರೆಶರ್‌ಗೆ ಅನುಭವ ಎಲ್ಲಿಂದ ಬರಬೇಕು? ಯಂತ್ರ ಮುಟ್ಟಿಲ್ಲವಾದರೂ ತತ್ವ ಗೊತ್ತು: ಕಾಲಮ್‌ನೊಳಗೆ ಹೆಚ್ಚು ಒತ್ತಡದಲ್ಲಿ ದ್ರವ ಹರಿಯುತ್ತದೆ, ಮಾತ್ರೆಯಲ್ಲಿರುವ ಒಂದೊಂದು ಘಟಕವೂ ಒಳಗಿನ ಪುಡಿಗೆ ಬೇರೆ ಬೇರೆ ಮಟ್ಟಿಗೆ ಅಂಟಿಕೊಂಡು, ಬೇರೆ ಬೇರೆ ಹೊತ್ತಿಗೆ ಹೊರಬರುತ್ತದೆ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಟ್ಸ್ವೆಟ್ ಗಾಜಿನ ಕೊಳವೆಯಲ್ಲಿ ಪುಡಿ ತುಂಬಿ ಎಲೆಯ ಬಣ್ಣಗಳನ್ನು ಬೇರ್ಪಡಿಸಿ, 1906ರಲ್ಲಿ ಅದನ್ನು ಕ್ರೊಮ್ಯಾಟೊಗ್ರಫಿ ಎಂದು ಕರೆದದ್ದೂ ಇದೇ ತತ್ವದ ಮೇಲೆ. ಅಂದಹಾಗೆ, ರಷ್ಯನ್ ಭಾಷೆಯಲ್ಲಿ 'ಟ್ಸ್ವೆಟ್' ಎಂದರೆ ಬಣ್ಣ ಎಂದೇ ಅರ್ಥ. ಸಂದರ್ಶನದಲ್ಲಿ ಇಷ್ಟನ್ನು ಕನ್ನಡ, ಇಂಗ್ಲಿಷ್ ಬೆರೆಸಿಯೇ ಹೇಳಿದೆ. ಎರಡನೇ ಸುತ್ತಿಗೆ ಕರೆದಿದ್ದಾರೆ.

ಟ್ಯೂಷನ್ ಮಕ್ಕಳಿಗೆ ಇದನ್ನು ತೋರಿಸಲು ಹತ್ತು ರೂಪಾಯಿಯೂ ಬೇಡ. ಸೋಸುಕಾಗದದ ಪಟ್ಟಿಯ ತುದಿಯಿಂದ ಎರಡು ಸೆಂ.ಮೀ. ಮೇಲೆ ಕಪ್ಪು ಸ್ಕೆಚ್ ಪೆನ್ನಿನ ಚುಕ್ಕಿ ಇಟ್ಟು, ಚುಕ್ಕಿ ಮುಳುಗದಂತೆ ಲೋಟದ ನೀರಿಗೆ ಇಳಿಬಿಟ್ಟೆವು. ಹತ್ತು ನಿಮಿಷದಲ್ಲಿ ಕಪ್ಪು ಒಡೆದು ನೀಲಿ, ಗುಲಾಬಿ, ಹಳದಿ ಮೇಲೇರಿದವು. "ಅಕ್ಕಾ, ಕಪ್ಪೊಳಗೆ ನೀಲಿ ಹೆಂಗಿತ್ತು?" ಎಂದ ಹುಡುಗಿ ಮನೆಗೆ ಹೋಗದೆ ಡಬ್ಬಿಯ ಪೆನ್ನುಗಳನ್ನೆಲ್ಲ ಪರೀಕ್ಷಿಸಿದಳು. ಕೆಂಪು ಮಾತ್ರ ಒಡೆಯಲಿಲ್ಲ. ಅದರಲ್ಲಿರುವುದು ಒಂದೇ ಬಣ್ಣವೋ, ಅಥವಾ ಎರಡಿದ್ದೂ ನೀರಿನಲ್ಲಿ ಜೊತೆಜೊತೆಗೇ ಓಡುತ್ತಿವೆಯೋ? ನೀರಿನ ಬದಲು ಸ್ಪಿರಿಟ್ ಹಾಕಿ ನಾಳೆ ನೋಡೋಣ ಎಂದಿದ್ದೇನೆ.